ತಾಂಡಾದ ಸೂಜಿಗೆ ಕೂಲಿ ಸಿಗಲಿ

ಒಂದೊಂದು ಜನಾಂಗದ ಉಡುಗೆಯೂ ಅನಾದಿಯಿಂದ ಹೀಗೇ ಇತ್ತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಲಬುರಗಿಯ ಚರಿತ್ರೆ ಅದನ್ನು ಒಪ್ಪುವುದಿಲ್ಲ. 1347ರಲ್ಲಿ ಇಲ್ಲಿ ಬಹಮನಿ ರಾಜಧಾನಿ ನೆಲೆಗೊಂಡ ಮೇಲೆ ಪರ್ಷಿಯಾ, ಅರಬ್ ನಾಡುಗಳ ಜನರೊಂದಿಗೆ ಅವರ ನಿಲುವಂಗಿಗಳೂ ದರ್ಬಾರಿಗೆ ಬಂದವು. ನಿಜಾಮರ ಕಾಲಕ್ಕೆ ಶೇರ್ವಾನಿ ಕಚೇರಿಯ ಉಡುಪಾಯಿತು. ಹಿಂದೂ ನೌಕರರೂ ಅದನ್ನು ತೊಟ್ಟರು. ಹೊಲಮನೆಗಳಲ್ಲಿ ಧೋತರ, ರುಮಾಲು, ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಬಳಕೆಯಲ್ಲಿದ್ದವು. ಎಂ.ಎಸ್.ಕೆ. ಮಿಲ್ ಎಂದೇ ಜನ ಕರೆಯುವ ಮೆಹಬೂಬ್ ಶಾಹಿ ಗಿರಣಿ ಬಂದ ಮೇಲೆ ಬಟ್ಟೆ ಊರಲ್ಲೇ ತಯಾರಾಗತೊಡಗಿತು. ಜನ ಏನು ಉಡಬೇಕೆಂಬುದನ್ನು ಅರಸೊತ್ತಿಗೆ, ಸಂತೆ, ದುಡಿಮೆ ಮೂರೂ ಸೇರಿ ತೀರ್ಮಾನಿಸಿವೆ.

ಕಮಲಾಪುರ ತಾಲ್ಲೂಕಿನ ತಾಂಡಾಗಳ ಲಂಬಾಣಿ ಉಡುಗೆ ಇದಕ್ಕೆ ಒಳ್ಳೆಯ ಸಾಕ್ಷಿ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಊರೂರು ಸುತ್ತುತ್ತಿದ್ದ, 17ನೇ ಶತಮಾನದಲ್ಲಿ ಮೊಗಲ್ ಸೈನ್ಯಕ್ಕೂ ದವಸ ಸಾಗಿಸಿದ ಸಮುದಾಯವಿದು. ನಿಂತ ನೆಲೆ ಇಲ್ಲದವರ ಗಳಿಕೆ ಮೈಮೇಲೇ ಇರಬೇಕಾಗಿತ್ತು. ಹಾಗಾಗಿಯೇ ಬೆಳ್ಳಿ, ನಾಣ್ಯ, ಕವಡೆಗಳು ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸಗಳ ಮೇಲೆ ಸೇರಿದವು. ಈ ಉಡುಗೆಯ ಕನ್ನಡಿ ಚೂರಿಗೆ ತೂತಿಲ್ಲ, ಅಂಟಿಲ್ಲ. ಮೊದಲು ಅಡ್ಡಕ್ಕೂ ಉದ್ದಕ್ಕೂ ದಾರ ಎಳೆದು ಅದನ್ನು ಬಿಗಿದು, ಆಮೇಲೆ ಸುತ್ತಲೂ ಒತ್ತೊತ್ತಾಗಿ ಹೊಲಿಯುತ್ತಾರೆ. ಪೂರ್ತಿ ಜೊತೆ ಮುಗಿಯಲು ತಿಂಗಳುಗಳೇ ಬೇಕು. ರೈಲು ಬಂದು ಹೇರಾಟದ ಕಸುಬನ್ನು ಕಿತ್ತುಕೊಂಡಿತು, ಸೂಜಿಯ ವಿದ್ಯೆ ಮಾತ್ರ ಹೆಣ್ಣುಮಕ್ಕಳ ಕೈಯಲ್ಲಿ ಉಳಿಯಿತು.

ಹೊಸ ತಲೆಮಾರು ಸೀರೆ, ಚೂಡಿದಾರಕ್ಕೆ ಹೊರಳಿದ್ದರಿಂದ ಪರಂಪರೆ ಹಾಳಾಯಿತು ಎಂದು ಆಕ್ಷೇಪಿಸುವವರಿದ್ದಾರೆ. ಪುಣೆ, ಮುಂಬೈಗೆ ಗುಳೆ ಹೋಗಿ ಕಟ್ಟಡದ ಮೇಲೆ ಇಟ್ಟಿಗೆ ಹೊರುವವಳು ಆ ಭಾರದ ಉಡುಗೆಯಲ್ಲೇ ದುಡಿಯಲಿ ಎನ್ನುವುದು ನ್ಯಾಯವಲ್ಲ. ಇನ್ನು ಎಲ್ಲವೂ ಹೊರಗಿನಿಂದ ಬಂದದ್ದಾದರೆ ನಮ್ಮದೆನ್ನುವುದೇನು ಎಂಬ ಪ್ರಶ್ನೆಗೆ ಐರ್ಲೆಂಡಿನಲ್ಲಿ ಉತ್ತರವಿದೆ. 1537ರಲ್ಲಿ ಇಂಗ್ಲಿಷ್ ಆಳ್ವಿಕೆ ಅಲ್ಲಿನವರ ಕೇಸರಿ ಬಣ್ಣದ ಅಂಗಿಯನ್ನು ಕಾನೂನಿನಿಂದಲೇ ನಿಷೇಧಿಸಿತು. ಹಾಗೆಂದು ಅವರಿಗೆ ತಮ್ಮದೆನ್ನುವ ಉಡುಗೆ ಇಲ್ಲದಾಗಲಿಲ್ಲ. ಇಂದು ಪುರಾತನವೆಂದು ಹೆಸರಾದ ಅರಾನ್ ದ್ವೀಪಗಳ ಉಣ್ಣೆಯ ಸ್ವೆಟರ್ ಹೆಚ್ಚುಕಡಿಮೆ ನೂರು ವರ್ಷದ್ದು. ಬಡ ಕುಟುಂಬಗಳ ಹೆಂಗಸರು ಸಂಪಾದನೆಗಾಗಿ ಹೆಣೆದದ್ದೇ ದೇಶದ ಹೆಮ್ಮೆಯಾಯಿತು. ಎರವಲು ತಂದದ್ದನ್ನೂ ಹೊಸದನ್ನೂ ಕೈಕೌಶಲ ನಮ್ಮದಾಗಿಸುತ್ತದೆ. ಆ ಕೈಗೆ ದುಡ್ಡು ಸಿಕ್ಕಾಗ ಅದು ಬಾಳುತ್ತದೆ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅಲ್ಲಿನ ಕರಕುಶಲ ಕೇಂದ್ರದ ಮೂಲಕ ಅದಕ್ಕೆ ಮಾರುಕಟ್ಟೆಯೂ ಸಿಕ್ಕಿದೆ. ಕಮಲಾಪುರದ ಸೂಜಿಗೂ ಅಂಥ ಆಸರೆ ಬೇಕು. ತಾಂಡಾ ಅಭಿವೃದ್ಧಿ ನಿಗಮ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಳು ವೇದಿಕೆಯ ಕುಣಿತಕ್ಕಷ್ಟೇ ಈ ಉಡುಗೆಯನ್ನು ನೆನೆಯದೆ, ಕಸೂತಿ ಗೊತ್ತಿರುವ ಹಿರಿಯರನ್ನು ಗುರುಗಳಾಗಿ ನೇಮಿಸಿ ಸಂಬಳ ಕೊಡಲಿ. ಕೊಳ್ಳುವ ನಾವೂ ಕಸೂತಿಯ ಬೆಲೆಯಲ್ಲಿ ಚೌಕಾಸಿ ಮಾಡದಿರೋಣ.