ಮಿಂಚಂಚೆಯ ಒಕ್ಕಣೆಯ ಪಾಡು

ಒಂದು ಲೇಖನಿ, ಮೂರು ಮಡಿಕೆಯ ಒಂದು ನೀಲಿ ಇನ್‌ಲ್ಯಾಂಡ್ ಕಾಗದ - ಇಷ್ಟಿದ್ದರೆ ಸಾಕಾಗಿತ್ತು. ಮೇಲ್ತುದಿಯಲ್ಲಿ ‘ಕ್ಷೇಮ’ ಎಂದು ಬರೆದು, ಉಭಯಕುಶಲೋಪರಿಯಿಂದ ಮೊದಲಿಟ್ಟು, ಜಾಗ ಸಾಲದೆ ಬಂದಾಗ ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದು ಮುಗಿಸಿದ ಪತ್ರ, ಬರೆದವರ ಕಣ್ಣಿಗೆ ಹೇಗೆ ಕಂಡಿತ್ತೋ ಓದುವವರ ಕಣ್ಣಿಗೂ ಹಾಗೆಯೇ ಕಾಣುತ್ತಿತ್ತು. ಚಿತ್ತುಕಾಟು ಇದ್ದರೆ ಅದೂ ಜೊತೆಯಲ್ಲಿಯೇ ಪಯಣ ಬೆಳೆಸುತ್ತಿತ್ತು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಔಟ್‌ಲುಕ್, ಥಂಡರ್‌ಬರ್ಡ್ ಮೊದಲಾದ ತಂತ್ರಾಂಶಗಳನ್ನು ತೆರೆದು ಮಿಂಚಂಚೆ ಬರೆಯಲು ಕುಳಿತವರಿಗೆ ಆ ಭಾಗ್ಯವಿಲ್ಲ. ಪರದೆಯ ಮೇಲಿನ ಬಿಳಿಯ ಚೌಕ ಕಾಗದದ ವೇಷವನ್ನು ಹಾಕಿಕೊಂಡಿರುತ್ತದೆ, ಅಷ್ಟೆ.

ಉಪದ್ರವ ಮೊದಲಾಗುವುದು ಎಂಟರ್ ಕೀಲಿಯಿಂದ. ಟೈಪ್‌ರೈಟರಿನ ಸನ್ನೆಯನ್ನು ಎಳೆದರೆ ಕಾಗದ ಒಂದು ಸಾಲು ಮೇಲೇರುತ್ತಿತ್ತು. ಅದರಲ್ಲಿ ಎರಡು ಮಾತಿರಲಿಲ್ಲ. ಇಲ್ಲಿ ಎಂಟರ್ ಒತ್ತಿದರೆ, ಕೆಲವು ತಂತ್ರಾಂಶಗಳು ಹೊಸ ಸಾಲನ್ನು ಕೊಡುವುದರ ಬದಲು ಹೊಸ ಕಂಡಿಕೆಯನ್ನೇ ಆರಂಭಿಸಿ ನಡುವೆ ಬಯಲು ಬಿಟ್ಟುಬಿಡುತ್ತವೆ. ನಾಲ್ಕು ಸಾಲಿನ ವಿಳಾಸ ಏಳೆಂಟು ಸಾಲಿನ ಎತ್ತರಕ್ಕೆ ಬೆಳೆದು ನಿಲ್ಲುತ್ತದೆ. ಶಿಫ್ಟ್ ಕೀಲಿಯನ್ನು ಅದುಮಿಕೊಂಡು ಎಂಟರ್ ಒತ್ತಿದರೆ ಬರಿಯ ಸಾಲು ಮಾತ್ರ ಮುರಿಯುವುದೆಂಬ ಗುಟ್ಟು, ವರ್ಷಗಟ್ಟಲೆ ಮಿಂಚಂಚೆ ಬರೆದವರಲ್ಲಿಯೂ ಅನೇಕರಿಗೆ ತಿಳಿದಿರುವುದಿಲ್ಲ. ಇನ್ನು ಕೈತಪ್ಪಿ ಕಂಟ್ರೋಲ್ ಕೀಲಿಯೊಡನೆ ಎಂಟರ್ ಒತ್ತಿದರೋ, ಅರ್ಧ ಬರೆದ ಪತ್ರ ಅರ್ಧದಲ್ಲಿಯೇ ರವಾನೆಯಾಗುವುದೂ ಉಂಟು!

ಬೇರೆ ಕಡೆಯಿಂದ ನಕಲು ಮಾಡಿ ತಂದು ಅಂಟಿಸಿದ ಮಾತಿನದು ಇನ್ನೊಂದು ಬಗೆಯ ಕಾಟ. ಅದು ಒಂಟಿಯಾಗಿ ಬರುವುದಿಲ್ಲ. ತವರಿನ ಅಕ್ಷರಶೈಲಿ, ಗಾತ್ರ, ಬಣ್ಣ, ಅಂಚು ಎಲ್ಲವನ್ನೂ ಪಾತ್ರೆಪಡಗಗಳ ಸಮೇತ ಹೊತ್ತು ತರುತ್ತದೆ. ಅದರ ಮುಂದೆ ಬರೆದ ಮಾತಿಗೂ ಅದೇ ಬಣ್ಣ ಬಳಿಯುತ್ತದೆ. ಬಂದ ಪತ್ರದ ನಡುನಡುವೆ ಉತ್ತರ ಬರೆಯಹೊರಟವರ ಅವಸ್ಥೆಯಂತೂ ಹೇಳತೀರದು. ಹಳೆಯ ಮಾತಿನ ಎಡಬದಿಗೆ ನಿಂತಿರುವ ಗೆರೆ ಹೊಸ ಮಾತಿನ ಪಕ್ಕಕ್ಕೂ ಹಬ್ಬಿ, ಯಾವುದು ಪ್ರಶ್ನೆ ಯಾವುದು ಉತ್ತರವೆಂಬುದೇ ಕಲಸಿಹೋಗುತ್ತದೆ. ಕ್ರಿಕೆಟ್ಟಿನ ಹರಟೆಯಾದರೆ ನಕ್ಕು ಸುಮ್ಮನಾಗಬಹುದು. ಮನೆಯ ಪಾಲುಪಟ್ಟಿಯ ವಿಚಾರದಲ್ಲಿ ಅಣ್ಣನ ಮಾತು ತಮ್ಮನ ಮಾತಿನಂತೆ ಕಂಡರೆ?

ಇಷ್ಟೆಲ್ಲ ಏಕೆ ಎಂದರೆ, ಮಿಂಚಂಚೆಯಲ್ಲಿ ಹೋಗುವುದು ಪತ್ರದ ಚಿತ್ರವಲ್ಲ. ಎಚ್‌ಟಿಎಂಎಲ್ ಎಂಬ ಸಂಕೇತ ಭಾಷೆಯಲ್ಲಿ ‘ಇಲ್ಲಿ ಕಂಡಿಕೆ, ಇಲ್ಲಿ ದಪ್ಪಕ್ಷರ, ಇಲ್ಲಿ ನೀಲಿ’ ಎಂದು ಬರೆದ ಸೂಚನೆಗಳ ಓಲೆ ಅದು. ಅದನ್ನು ಓದಿ ಪತ್ರವನ್ನು ಮತ್ತೆ ಬಿಡಿಸುವ ಹೊಣೆ ಆಚೆ ಬದಿಯ ಯಂತ್ರಕ್ಕೆ ಸೇರಿದ್ದು. ಒಂದೊಂದು ಯಂತ್ರದ ಕೈಬರಹ ಒಂದೊಂದು ಬಗೆ. ಮೈಕ್ರೋಸಾಫ್ಟ್ ಸಂಸ್ಥೆ ಔಟ್‌ಲುಕ್ ೨೦೦೭ರಲ್ಲಿ ಈ ಕೆಲಸವನ್ನು ಜಾಲಪುಟ ತೋರಿಸುವ ಎಕ್ಸ್‌ಪ್ಲೋರರಿನಿಂದ ಕಿತ್ತು ವರ್ಡ್ ತಂತ್ರಾಂಶಕ್ಕೆ ವಹಿಸಿತು. ಬೇರೆಲ್ಲೆಡೆ ಅಂದವಾಗಿ ಕಾಣುತ್ತಿದ್ದ ಎಷ್ಟೋ ಪತ್ರಗಳು ಅಲ್ಲಿ ಕೈಕಾಲು ಮುರಿದುಕೊಂಡು ನಿಂತವು. ಔಟ್‌ಲುಕ್ಕಿನಿಂದ ಹೊರಟ ಪತ್ರಗಳ ತುದಿಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿನ ‘ಜೆ’ ಅಕ್ಷರ ಕಾಣಿಸಿಕೊಂಡು ಜನರನ್ನು ಬಹುಕಾಲ ಬೆರಗುಗೊಳಿಸಿದ್ದೂ ಇದೇ ಕಾರಣದಿಂದ. ನಗುಮುಖದ ಗುರುತನ್ನು ತಂತ್ರಾಂಶ ತಾನಾಗಿಯೇ ವಿಂಗ್‌ಡಿಂಗ್ಸ್ ಎಂಬ ಚಿತ್ರಾಕ್ಷರಕ್ಕೆ ಬದಲಿಸುತ್ತಿತ್ತು. ಆ ಅಕ್ಷರಶೈಲಿಯಲ್ಲಿ ನಗುಮುಖ ಕುಳಿತಿರುವುದು ‘ಜೆ’ಯ ಮನೆಯಲ್ಲಿ. ಶೈಲಿಯನ್ನು ಗುರುತಿಸಲಾರದ ಯಂತ್ರದಲ್ಲಿ ನಗು ಮಾಯವಾಗಿ ‘ಜೆ’ ಉಳಿಯುತ್ತಿತ್ತು.

ಆದರೂ ಹಿಂದಿನವರ ಕಷ್ಟವನ್ನು ಕೇಳಿದರೆ ಇಂದಿನವರ ಗೊಣಗಾಟ ಸ್ವಲ್ಪ ತಗ್ಗೀತು. ೧೯೭೧ರಲ್ಲಿ ಅಮೆರಿಕೆಯ ಕೇಂಬ್ರಿಜ್ ನಗರದಲ್ಲಿ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞರು, ಪಕ್ಕಪಕ್ಕದಲ್ಲಿಯೇ ಇದ್ದ ಎರಡು ಯಂತ್ರಗಳ ನಡುವೆ ಜಾಲದ ಮೂಲಕ ಮೊದಲ ಸಂದೇಶವನ್ನು ಕಳುಹಿಸಿದರು. ಅದರಲ್ಲಿ ಏನು ಬರೆದಿತ್ತೆಂಬುದು ಅವರಿಗೇ ನೆನಪುಳಿಯಲಿಲ್ಲ. ಆ ದಶಕದ ಕೊನೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಮೇಲ್’ ಎಂಬ ತಂತ್ರಾಂಶದಲ್ಲಿ, ಎಂಟರ್ ಒತ್ತಿ ಮುಂದಿನ ಸಾಲಿಗೆ ಬಂದವರು ಹಿಂದಿನ ಸಾಲಿಗೆ ಹಾಗೆಯೇ ಮರಳುವಂತಿರಲಿಲ್ಲ. ತಿದ್ದಬೇಕಾದರೆ ಬೇರೊಂದು ಸಂಪಾದಕ ತಂತ್ರಾಂಶವನ್ನು ಕರೆತರಬೇಕಾಗಿತ್ತು. ೧೯೮೨ರಲ್ಲಿ ಗೊತ್ತುಪಡಿಸಿದ ಅಂಚೆಯ ನಿಯಮದಂತೆ, ಸಾಲಿನಲ್ಲಿ ಒಂಟಿ ಚುಕ್ಕಿಯೊಂದಿದ್ದರೆ ಪತ್ರ ಮುಗಿಯಿತೆಂದು ಅರ್ಥ. ಬರೆಯುವವರೇ ಅಂಥದೊಂದು ಚುಕ್ಕಿಯನ್ನು ಇಟ್ಟರೆ? ಕಳುಹಿಸುವ ಯಂತ್ರ ಗುಟ್ಟಾಗಿ ಇನ್ನೊಂದು ಚುಕ್ಕಿಯನ್ನು ಸೇರಿಸಬೇಕು, ಪಡೆಯುವ ಯಂತ್ರ ಅದನ್ನು ತೆಗೆಯಬೇಕು. ಆ ಚುಕ್ಕಿಯ ಸಂಸಾರ ಇಂದಿಗೂ ನಡೆದುಬಂದಿದೆ.

ಬರೆಯುವವರ ಮನಸ್ಸನ್ನು ಅರಿತು ಮಾಡಿದ ತಂತ್ರಾಂಶಗಳೂ ಇಲ್ಲದಿಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ೧೯೮೮ರಲ್ಲಿ ಸ್ಟೀವ್ ಡಾರ್ನರ್ ರಚಿಸಿದ ‘ಯುಡೋರಾ’ ಅಂಥದು. ಅಂಚೆಮನೆಯಲ್ಲಿಯೇ ಬಿಡಾರ ಹೂಡಿದ ಹೆಣ್ಣೊಬ್ಬಳ ಕಥೆಯನ್ನು ಬರೆದ ಅಮೆರಿಕನ್ ಲೇಖಕಿ ಯುಡೋರಾ ವೆಲ್ಟಿಯ ಹೆಸರನ್ನು ಅದಕ್ಕೆ ಇಟ್ಟರು. ೨೦೦೦ದಲ್ಲಿ ಬಂದ ಅದರ ಐದನೆಯ ಆವೃತ್ತಿಯಲ್ಲಿ ಒಂದು ಸ್ವಾರಸ್ಯವಿತ್ತು. ಬರೆಯುತ್ತಿರುವ ಪತ್ರದಲ್ಲಿ ಕಟುವಾದ ಇಂಗ್ಲಿಷ್ ಮಾತುಗಳು ಕಂಡರೆ ಅದು ಮೆಣಸಿನಕಾಯಿಯ ಚಿತ್ರವನ್ನು ತೋರಿಸುತ್ತಿತ್ತು. ಖಾರ ಹೆಚ್ಚಿದಷ್ಟೂ ಒಂದು, ಎರಡು, ಮೂರು ಮೆಣಸಿನಕಾಯಿ! ಸಿಟ್ಟಿನಲ್ಲಿ ಕುಳಿತವರು ಎಷ್ಟು ಮಂದಿ ಅದನ್ನು ಕಂಡು ತಣ್ಣಗಾದರೋ, ಎಷ್ಟು ಮಂದಿ ಮೂರನೆಯದು ಮೂಡುವವರೆಗೂ ಬರೆದರೋ! ಥಂಡರ್‌ಬರ್ಡಿಗೆ ೨೦೦೯ರಲ್ಲಿ ಬಂದ ಉಪಾಯ ಇನ್ನೂ ಉಪಯುಕ್ತ. ‘ಲಗತ್ತಿಸಿದೆ’ ಎಂಬರ್ಥದ ಮಾತನ್ನು ಬರೆದು ಕಡತವನ್ನು ಸೇರಿಸದೆ ಹೊರಟರೆ ಅದು ಎಚ್ಚರಿಸುತ್ತದೆ. ಗಮನಿಸಬೇಕಾದ ಪದಗಳ ಪಟ್ಟಿಗೆ ಕನ್ನಡ ಪದಗಳನ್ನೂ ಬಳಸುವವರೇ ಸೇರಿಸಿಕೊಳ್ಳಬಹುದು, ಸೇರಿಸಿಕೊಂಡವರು ವಿರಳ.

ಕನ್ನಡದಲ್ಲಿ ಬರೆಯುವವರ ಪಾಡು ಇವೆಲ್ಲಕ್ಕಿಂತ ಒಂದು ಕೈ ಮೇಲು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ಆರು: ಸ, ಹಲಂತ, ತ, ಹಲಂತ, ರ, ಈತ್ವ. ಬಾಣದ ಕೀಲಿ ಒತ್ತಿದರೆ ಆರನ್ನೂ ಒಂದೇ ನೆಗೆತಕ್ಕೆ ದಾಟುತ್ತದೆ. ಹಿಂದಳಿಸುವ ಕೀಲಿ ಒತ್ತಿದರೆ ಈರುಳ್ಳಿ ಸುಲಿದಂತೆ ಒಂದೊಂದೇ ಪದರ ಕಳಚುತ್ತದೆ. ದೀರ್ಘವನ್ನು ಮಾತ್ರ ತಿದ್ದಹೊರಟವರು ಒಂದು ಒತ್ತು ಹೆಚ್ಚು ಕೊಟ್ಟರೆ ಒತ್ತಕ್ಷರವೇ ಉದುರುತ್ತದೆ. ಇನ್ನು ಪಯಣದ ವೈಭವ! ಮಿಂಚಂಚೆಯ ಮೂಲ ನಿಯಮಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲವು. ೧೯೯೨ರಲ್ಲಿ ನೆಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ‘ಮೈಮ್’ ಎಂಬ ವ್ಯವಸ್ಥೆ, ಉಳಿದ ಭಾಷೆಗಳ ಅಕ್ಷರಗಳನ್ನೂ ಚಿತ್ರಗಳನ್ನೂ ಇಂಗ್ಲಿಷಿನ ವೇಷದಲ್ಲಿ ಸಾಗಿಸುವ ದಾರಿ ತೋರಿತು. ಅದರ ಒಂದು ಬಗೆಯಲ್ಲಿ ‘ಕ’ ಎಂಬ ಒಂದು ಅಕ್ಷರ ಒಂಬತ್ತು ಚಿಹ್ನೆಗಳಾಗಿ ಹೊರಡುತ್ತದೆ, ‘ಕ್ಷ’ ಇಪ್ಪತ್ತೇಳಾಗಿ. ಆಚೆ ಬದಿ ಸರಿಯಾಗಿ ಬಿಚ್ಚಿಕೊಂಡರೆ ಕ್ಷೇಮ ಕ್ಷೇಮವಾಗಿಯೇ ತಲುಪುತ್ತದೆ.

ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರಕಿತ್ತು. ಆದರೆ ಮನೆಮನೆಯ ಕಂಪ್ಯೂಟರಿಗೆ ಅದು ಇಳಿದು ಬಂದದ್ದು ನಿಧಾನವಾಗಿ. ತುಂಗಾ ಅಕ್ಷರಶೈಲಿಯೊಡನೆ ವಿಂಡೋಸ್ ಎಕ್ಸ್‌ಪಿ ಬಂದದ್ದು ೨೦೦೧ರಲ್ಲಿ. ಅದು ಬಳಕೆಗೆ ಬರುವವರೆಗೆ, ಬಂದ ಮೇಲೂ ಹಲವು ವರ್ಷ, ಕನ್ನಡಿಗರನ್ನು ಕಾಪಾಡಿದವು ೧೯೯೮ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಇಟ್ಟಿದ್ದವು. ನುಡಿಯಲ್ಲಿ ಬರೆದ ‘ಕ’, ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ದೊಡ್ಡ ‘ಪಿ’ಯಾಗಿಯೂ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’ಯಾಗಿಯೂ ಕಾಣುತ್ತದೆ. ಶೈಲಿ ಇದ್ದರೂ, ಪತ್ರವನ್ನು ‘ಸಾದಾ ಪಠ್ಯ’ವಾಗಿ ಕಳುಹಿಸಿದರೆ ಶೈಲಿಯ ಹೆಸರೇ ಕಳೆದುಹೋಗುತ್ತದೆ. ಪರದೇಶದಲ್ಲಿದ್ದ ಮಕ್ಕಳಿಗೆ ತಂದೆತಾಯಂದಿರು ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿ ಬರೆದ ಮಾತುಗಳು ಎಷ್ಟೋ ಬಾರಿ ಹೀಗೆ ಗೀಟು-ಸೊನ್ನೆಗಳ ರಾಶಿಯಾಗಿ ತಲುಪಿದವು. ಬೇಸತ್ತವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಇನ್ನು ಕೆಲವರು ಇಂಗ್ಲಿಷಿನಲ್ಲಿಯೇ ಬರೆದು, ಹೇಳಬೇಕಾದುದರಲ್ಲಿ ಅರ್ಧವನ್ನು ನುಂಗಿಕೊಂಡರು.

ಆ ಪತ್ರಗಳು ಹಳೆಯ ಕಂಪ್ಯೂಟರಿನಲ್ಲಿ, ಮಿಂಚಂಚೆಯ ಹಳೆಯ ಸಂಚಿಕೆಗಳಲ್ಲಿ ಇಂದಿಗೂ ಮಲಗಿರಬಹುದು. ಕಸವೆಂದು ಬಗೆದು ಅಳಿಸಬೇಕಾದುದಿಲ್ಲ. ಹಳೆಯ ಸಂಕೇತದ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ. ಯಾವ ತಂತ್ರಾಂಶದಲ್ಲಿ ಬರೆದುದೆಂಬುದು ತಿಳಿದಿದ್ದರೆ ಕೆಲಸ ಸುಲಭ; ತಿಳಿಯದಿದ್ದರೆ ಒಂದೆರಡು ಸಾಲನ್ನು ಮೊದಲು ನುಡಿಯ, ಅನಂತರ ಹಳೆಯ ಬರಹದ ಪರಿವರ್ತಕದಲ್ಲಿ ಹಾಕಿ ನೋಡಬೇಕು. ಅರ್ಕಾವತ್ತು ಒಮ್ಮೊಮ್ಮೆ ಸ್ಥಾನ ತಪ್ಪುತ್ತದೆ, ಒತ್ತಕ್ಷರಗಳು ಅಲ್ಲಲ್ಲಿ ಜಾರುತ್ತವೆ. ಅವನ್ನು ಕೈಯಿಂದ ತಿದ್ದುವಾಗ ಮೂಲವನ್ನು ಅಳಿಸದೆ ಪಕ್ಕದಲ್ಲಿಯೇ ಇಟ್ಟುಕೊಂಡಿರುವುದು ಒಳ್ಳೆಯದು.