ಎರಡು ಮಕ್ಕಳು, ಒಂದೇ ಕಂಪನಿ

ತಂಬೂರಿನಿಂದ ಅಣ್ಣಿಗೇರಿಯವರೆಗೆ, ಜಾತ್ರೆಯಲ್ಲಿ ನಿಂತು ಲಾವಣಿ ಕೇಳಿದವರಿಗೆ ಕಿತ್ತೂರಿನ ಕಥೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರಿನ ಕದನದಲ್ಲಿ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ರಾಣಿಯ ಕತ್ತಿ, ರಾಯಣ್ಣನ ಸಾಹಸ ನಮ್ಮ ಕಣ್ಣಿಗೆ ಕಟ್ಟಿದಂತಿವೆ. ಆದರೆ ಯಾರ ಹಕ್ಕಿಗಾಗಿ ಇಷ್ಟು ರಕ್ತ ಹರಿಯಿತೋ ಆ ಹುಡುಗ ಎಲ್ಲಿ?

ಅವನು ಶಿವಲಿಂಗಪ್ಪ. ಮಕ್ಕಳಿಲ್ಲದ ದೊರೆ ಶಿವಲಿಂಗರುದ್ರಸರ್ಜ ಸಾಯುವ ಮುನ್ನ ಅವನನ್ನು ದತ್ತು ತೆಗೆದುಕೊಂಡಿದ್ದ. ಆ ದತ್ತು ಸಿಂಧುವಲ್ಲ ಎಂದ ಥ್ಯಾಕರೆ. ಹೆತ್ತವರ ಮನೆ ಬಿಟ್ಟು ಬಂದ ಹುಡುಗನಿಗೆ ಹೊಸ ಮನೆಯೂ ದಕ್ಕಲಿಲ್ಲ. ಮುಂದೆ ಅವನನ್ನೇ ಗಾದಿಗೇರಿಸಲು ರಾಯಣ್ಣ ಬಂಡೆದ್ದ. ಬ್ರಿಟಿಷರು ಹುಡುಗನನ್ನೂ ಸೆರೆಹಿಡಿದರು. ಸರದಾರರಿಗೆ ಅವನೊಂದು ಆಸೆ, ಕಂಪನಿಗೆ ಒಂದು ತಕರಾರು. ಅವನಿಗೆ ಏನನ್ನಿಸಿತೆಂದು ಯಾರೂ ಕೇಳಲಿಲ್ಲ.

ಇದೇ ಕಥೆಯ ಇನ್ನೊಂದು ದಡದಲ್ಲಿ ಮತ್ತೊಬ್ಬ ಹುಡುಗನಿದ್ದಾನೆ. ಸತ್ತ ಕಲೆಕ್ಟರನ ಅಣ್ಣನ ಮಗ, ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಹುಟ್ಟಿದ್ದು 1811ರಲ್ಲಿ, ಕಲ್ಕತ್ತೆಯಲ್ಲಿ. ಕಂಪನಿಯ ನೌಕರನಾಗಿದ್ದ ತಂದೆ 1815ರಲ್ಲಿ ತೀರಿಕೊಂಡ. ಐದು ವರ್ಷದ ಮಗುವನ್ನು ತಾಯಿಯಿಂದ ಬಿಡಿಸಿ ಇಂಗ್ಲೆಂಡಿನ ಹಡಗು ಹತ್ತಿಸಿದರು. ಅಲ್ಲಿನ ಕ್ರೂರ ಶಾಲೆಯಲ್ಲಿ, ಕನಸಿನಲ್ಲಾದರೂ ತಾಯಿ ಬರಲೆಂದು ದೇವರಲ್ಲಿ ಬೇಡುತ್ತಿದ್ದುದನ್ನು ಆತ ದೊಡ್ಡವನಾದ ಮೇಲೂ ಮರೆಯಲಿಲ್ಲ. ಚಿಕ್ಕಪ್ಪ ಕಿತ್ತೂರಿನಲ್ಲಿ ಸತ್ತಾಗ ಅವನಿಗೆ 13 ವರ್ಷ. ಮುಂದೆ ‘ದಿ ನ್ಯೂಕಮ್ಸ್’ ಕಾದಂಬರಿಯಲ್ಲಿ, ಇಂಡಿಯಾದಿಂದ ಹಾಗೆಯೇ ಕಳಿಸಲ್ಪಟ್ಟ ಮಗುವನ್ನೂ ಕೊರಗುವ ತಂದೆಯನ್ನೂ ಚಿತ್ರಿಸಿದ.

ಇಬ್ಬರ ನೋವೂ ಸಮ ಎನ್ನಲಾಗದು. ಒಬ್ಬನಿಗೆ ತಾಯಿ ಕೆಲವು ವರ್ಷಗಳಲ್ಲಿ ಮರಳಿ ಸಿಕ್ಕಳು, ಕೈಗೆ ಲೇಖನಿಯೂ ಬಂತು. ಇನ್ನೊಬ್ಬನ ಮನೆಯೂ ಹೋಯಿತು, ಮಾತೂ ಉಳಿಯಲಿಲ್ಲ.

ಎರಡು ದಡಗಳ ಕಥೆಯನ್ನು ಒಂದೇ ಹೊಸೆಯಲ್ಲಿ ಹೆಣೆಯುವುದು ಕನ್ನಡಕ್ಕೆ ಹೊಸದಲ್ಲ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಲಿಸ್ಬನ್ನನ್ನೂ ವಿಜಯನಗರವನ್ನೂ ಹಾಗೆ ಜೋಡಿಸಿದೆ. 1816ರ ಹಡಗಿನ ಮಗುವನ್ನೂ 1824ರ ಕೋಟೆಯ ಮಗುವನ್ನೂ ಎದುರುಬದುರು ಕೂರಿಸುವ ಕಾದಂಬರಿಯೊಂದು ಧಾರವಾಡ ಸೀಮೆಯಿಂದಲೇ ಬರಬೇಕು. ವೀರರಿಗೆ ಲಾವಣಿ ಇದೆ, ಕಲೆಕ್ಟರರಿಗೆ ದಫ್ತರ ಇದೆ. ಮಾತಿಲ್ಲದೆ ಹೋದ ಮಗುವಿಗೆ ಉಳಿದಿರುವುದು ಕಾದಂಬರಿಯೊಂದೇ.