ನಿಮಗಿದು ಗೊತ್ತೇ? ಸರ್ವರ್‌ಗೂ ಬೇಕು ಪೋಳ್ ಬಾಗಿಲು

● ಅಹಮದಾಬಾದಿನ ಹಳೇ ಊರಿಗೆ ಕೋಟೆ ಬಾಗಿಲಷ್ಟೇ ಅಲ್ಲ, ಒಳಗಿನ ಕೇರಿಗಳಿಗೂ ಬೇರೆ ಬೇರೆ ಬಾಗಿಲು. ಈ ಕೇರಿಗಳೇ ‘ಪೋಳ್’. ಹಿಂದೆ ರಾತ್ರಿ ಬಾಗಿಲು ಹಾಕಿದರೆ ಕೋಟೆಯೊಳಗೇ ಇದ್ದ ಕಳ್ಳನಿಗೂ ದಾರಿಯಿರಲಿಲ್ಲ. ಭಾರತದಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ನಗರ ಎನಿಸಿಕೊಂಡ ಮೊದಲ ಊರು ಇದೇ, 2017ರಲ್ಲಿ.

● ಲಿನಕ್ಸ್ ಸರ್ವರ್‌ನಲ್ಲಿ ಫೈರ್‌ವಾಲ್ ಕೋಟೆ ಬಾಗಿಲಾದರೆ ಎಸ್‌ಇಲಿನಕ್ಸ್ ಪೋಳ್ ಬಾಗಿಲು. ವೆಬ್ ಸರ್ವರ್‌ಗೆ ನುಗ್ಗಿದವನು ‘ರೂಟ್’ ಆದರೂ ಆ ಕೇರಿ ದಾಟುವುದು ಕಷ್ಟ.

● ಎಸ್‌ಇಲಿನಕ್ಸನ್ನು ಬೆಳೆಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ. ಕೋಡ್ ಎಲ್ಲರ ಕೈಗೆ ಬಂದದ್ದು 2000ದ ಡಿಸೆಂಬರ್‌ನಲ್ಲಿ. ಲಿನಕ್ಸ್ ಕರ್ನಲ್ ಸೇರಿದ್ದು 2003ರಲ್ಲಿ.

● ಸೂರತ್ತಿನಲ್ಲಿ ಸೀರೆ ಕೊಂಡು ಆಂಡ್ರಾಯ್ಡ್ ಫೋನಿನಲ್ಲಿ ಹಣ ಕಟ್ಟುತ್ತೀರಾ? ಆ ಫೋನಿನಲ್ಲೂ ಇದೇ ಕಾವಲು. ಆಂಡ್ರಾಯ್ಡ್ 5.0ಯಿಂದ ಅದು ಪೂರ್ತಿ ಜಾರಿಯಲ್ಲಿದೆ.

● ನೀವೇ ಬರೆದ ಅಪ್ಲಿಕೇಶನ್ ಸರ್ವರ್‌ನಲ್ಲಿ ಓಡುತ್ತಿಲ್ಲವೇ? ಎಸ್‌ಇಲಿನಕ್ಸ್ ತಡೆದಿರಬಹುದು. ಆಡಿಟ್ ಲಾಗ್ ತೆರೆದು ‘ಎವಿಸಿ ಡಿನೈಡ್’ ಎಂಬ ಸಾಲು ಹುಡುಕಿ. ಯಾವ ಪ್ರೋಗ್ರಾಮ್, ಯಾವ ಫೈಲ್ ಅಥವಾ ಪೋರ್ಟಿಗೆ ಕೈಹಾಕಿ, ಏನು ಮಾಡಲು ಹೊರಟಿತ್ತು ಎಂಬುದೆಲ್ಲ ಆ ಒಂದೇ ಸಾಲಿನಲ್ಲಿರುತ್ತದೆ. ‘ಆಡಿಟ್‌ಟುಅಲೌ’ಗೆ ಅದನ್ನು ಕೊಟ್ಟರೆ ಅನುಮತಿಯ ನಿಯಮ ಸಿದ್ಧ. ಆದರೆ ಓದದೆ ಹಾಕಬೇಡಿ. ಕೊಡಬಾರದ ಅನುಮತಿಯನ್ನೂ ಅದು ಬರೆದುಕೊಡುತ್ತದೆ.

● ಎಷ್ಟೋ ಸಲ ಹೊಸ ನಿಯಮವೇ ಬೇಡ, ತಪ್ಪಿರುವುದು ಫೈಲಿಗೆ ಎಸ್‌ಇಲಿನಕ್ಸ್ ಅಂಟಿಸಿದ ಲೇಬಲ್. ‘ಎಂವಿ’ಯಿಂದ ಸಾಗಿಸಿದ ಫೈಲ್ ಹಳೇ ಜಾಗದ ಲೇಬಲ್ ಹೊತ್ತೇ ಬರುತ್ತದೆ, ‘ಸಿಪಿ’ ಮಾಡಿದರೆ ಹೊಸ ಜಾಗದ್ದು ಸಿಗುತ್ತದೆ. ‘ರಿಸ್ಟೋರ್‌ಕಾನ್’ ಒಂದು ಸಲ ಓಡಿಸಿದರೆ ಸರಿಹೋಗುತ್ತದೆ.

● ಸ್ವಂತ ನಿಯಮಕ್ಕೆ ಮೂರು ಫೈಲ್: ಟಿಇಯಲ್ಲಿ ನಿಯಮಗಳು, ಎಫ್‌ಸಿಯಲ್ಲಿ ಲೇಬಲ್‌ಗಳು, ಐಎಫ್‌ನಲ್ಲಿ ಬೇರೆ ಪ್ರೋಗ್ರಾಮ್‌ಗಳ ಜತೆಗಿನ ವ್ಯವಹಾರ. ಮೂರರ ಕರಡನ್ನೂ ‘ಎಸ್‌ಇಪಾಲಿಸಿ ಜನರೇಟ್’ ಹಾಕಿಕೊಡುತ್ತದೆ.

● 2019ರಲ್ಲಿ, ಕಂಟೇನರ್‌ಗಳನ್ನು ಓಡಿಸುವ ‘ರನ್‌ಸಿ’ ಪ್ರೋಗ್ರಾಮಿನ ದೋಷವೊಂದು ಬಯಲಾಯಿತು. ಕಂಟೇನರ್‌ನೊಳಗಿಂದ ಹೊರಬಂದು ಇಡೀ ಯಂತ್ರವನ್ನೇ ಹಿಡಿಯಬಹುದಾಗಿದ್ದ ದೋಷ ಅದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲಿ ಎಸ್‌ಇಲಿನಕ್ಸ್ ಜಾರಿಯಲ್ಲಿದ್ದ ಕಡೆ ಆ ದಾಳಿ ನಡೆಯುತ್ತಿರಲಿಲ್ಲ.

● ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಸರ್ವರ್ ನೋಡಿಕೊಳ್ಳುವ ಕನ್ನಡದ ಗೆಳೆಯರೇ, ತೊಂದರೆ ಬಂತೆಂದು ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ಊರಿನ ಬಾಗಿಲೆಲ್ಲ ತೆಗೆಯಬೇಡಿ. ‘ಎಸ್‌ಇಮ್ಯಾನೇಜ್ ಪರ್ಮಿಸಿವ್’ನಿಂದ ನಿಮ್ಮ ಅಪ್ಲಿಕೇಶನ್ ಒಂದನ್ನೇ ಸಡಿಲಬಿಟ್ಟು, ನಾಲ್ಕು ದಿನ ಲಾಗ್ ನೋಡಿ, ನಿಯಮ ಬರೆದು, ಮತ್ತೆ ಬಾಗಿಲು ಹಾಕಿ.